ಆರು ಭಾನುವಾರ, 6,500 ರೂಪಾಯಿ: ತುಮಕೂರಿನ ‘ಉದ್ಯಮಿ ಮನಸ್ಸು’ ಕ್ಲಾಸಿಗೆ ಹೋಗಿ ಬಂದೆ

ಮೊದ್ಲೇ ಹೇಳ್ಬಿಡ್ತೀನಿ, ಸಂಸ್ಥೆ ಹೆಸರು ಹಾಕಲ್ಲ. ನಡೆಸೋ ಮೇಡಂ ನಮ್ಮೂರಿನವರೇ, ಬಿ.ಎಚ್. ರೋಡಲ್ಲಿ ಎದುರು ಸಿಕ್ತಾರೆ, ಬೈದಿರೋ ಮಾತು ಇಲ್ಲಿ ಸ್ವಲ್ಪ ಜಾಸ್ತೀನೇ ಇದೆ. ಊರೋರಿಗೆ ಯಾವುದು ಅಂತ ಗೊತ್ತಾಗುತ್ತೆ, ಗೊತ್ತಾಗದೇ ಇದ್ರೂ ಪರವಾಗಿಲ್ಲ, ಯಾಕಂದ್ರೆ ಈಗ ಇಂಥ ಕ್ಲಾಸು ಗಲ್ಲಿಗೊಂದು ಆಗಿದೆ, ದುಡ್ಡು ಕಟ್ಟೋ ಮುಂಚೆ ಏನು ನೋಡ್ಬೇಕು ಅನ್ನೋದಾದ್ರೂ ತಿಳಿಯುತ್ತೆ.

ನಂದು ಕ್ಯಾತ್ಸಂದ್ರದ ಕಡೆ ಒಂದು ಮರದ ಗಾಣ. ನಾಲ್ಕು ವರ್ಷ ಆಯ್ತು. ಕಡಲೆಕಾಯಿ, ಕೊಬ್ಬರಿ, ಎಳ್ಳು. ಮೂರು ವರ್ಷ ಹೆಂಗೋ ನಡೀತು, ನಾಲ್ಕನೇದು ಹೊಡೀತು. ಬೆಂಗಳೂರಿನ ಒಂದು ಅಂಗಡಿಯೋನು ಉದ್ರಿ ಮಾಲು ತಗೊಂಡು ಫೋನ್ ಎತ್ತೋದು ಬಿಟ್ಟ, ಅದೇ ಟೈಮಿಗೆ ತಿಪಟೂರಲ್ಲಿ ಕೊಬ್ಬರಿ ರೇಟು ಏರೋಕೆ ಶುರುವಾಯ್ತು ನೋಡಿ, 2025ಕ್ಕೆ ಸರ್ಕಾರ ಉಂಡೆ ಕೊಬ್ಬರಿಗೆ ಇಟ್ಟಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100, ಮಾರ್ಕೆಟ್ಟಲ್ಲಿ ಅದು 20,000 ದಾಟಿ ಮೇಲೆ ಮೇಲೆ ಹೋಗ್ತಾನೇ ಇತ್ತು. ರೈತರಿಗೆ ಸಂತೋಷ, ಆಗ್ಲೇಬೇಕು, ಅವರು ಎಷ್ಟು ವರ್ಷ ಮಾರ್ಕೆಟ್ ಮುಂದೆ ಧರಣಿ ಕೂತಿದ್ದಾರೆ. ಆದ್ರೆ ಗಾಣದೋನ ಕಥೆ ಏನು? ಕೊಬ್ಬರಿ ತಗೊಂಡು ಆಡ್ಸಿ ಲೀಟರಿಗೆ ರೇಟ್ ಹೇಳಿದ್ರೆ ಗಿರಾಕಿ ‘ಚಿನ್ನದ ಎಣ್ಣೇನಾ ಸಾರ್’ ಅಂತ ಕೇಳಿ ಹೋಗ್ತಾನೆ. ರಾತ್ರಿ ಮೂರು ಗಂಟೆಗೆ ಎಚ್ಚರ ಆಗೋದು, ಮೊಬೈಲಲ್ಲಿ ಕ್ಯಾಲ್ಕುಲೇಟರ್ ಒತ್ತೋದು, ಮತ್ತೆ ಒತ್ತೋದು, ಲೆಕ್ಕ ಅಷ್ಟೇ ಬರೋದು. ಹೆಂಡತಿ ಇದನ್ನ ನೋಡಿ ನೋಡಿ ಸಾಕಾಗಿ ಒಂದಿನ ವಾಟ್ಸಾಪಲ್ಲಿ ಬಂದ ಪೋಸ್ಟರ್ ಕಳಿಸಿದ್ಲು, ‘ಉದ್ಯಮಿಗೆ ಬೇಕಾದ ಮನೋಬಲ, ಆರು ಭಾನುವಾರ, ತಿಂಡಿ ಸಹಿತ’ ಅಂತ.

ತಿಂಡಿ ಸಹಿತ ಅಂದಿದ್ದಕ್ಕೇ ಹೋಗಿದ್ದು ಅಂತ ಇವತ್ತಿಗೂ ರೇಗಿಸ್ತಾಳೆ.

ಮೊದಲನೇ ಭಾನುವಾರ ನಿಜವಾಗ್ಲೂ ಎದ್ದು ಬರೋನಿದ್ದೆ. ಬಟವಾಡಿ ಕಡೆ ಒಂದು ಬಿಲ್ಡಿಂಗಿನ ಎರಡನೇ ಮಹಡಿ, ಲಿಫ್ಟ್ ಇಲ್ಲ, ಇಪ್ಪತ್ತೆರಡು ಜನ ಇದ್ವಿ. ಬೆಂಗಳೂರಿಂದ ಒಬ್ರು ಸ್ಪೀಕರ್ ಬಂದಿದ್ರು, ಕೋಟು, ಕಾಲರಿಗೆ ಮೈಕು. ಎಲ್ಲರನ್ನೂ ನಿಲ್ಸಿ ‘ನಾನು ಗೆದ್ದೇ ಗೆಲ್ತೀನಿ’ ಅಂತ ಮೂರು ಸಲ ಕೂಗ್ಸಿದ್ರು, ಬಲೂನ್ ಊದ್ಸಿದ್ರು, ಆಮೇಲೆ ಒಡೆಸಿದ್ರು, ಅದು ನಮ್ಮ ಭಯ ಅಂತೆ. ಪಕ್ಕದಲ್ಲಿ ಕೂತಿದ್ದ ಶಿರಾ ಗೇಟ್ ಕಡೆಯ ಟೈಲರಿಂಗ್ ಅಕ್ಕ ‘ಹತ್ತು ರೂಪಾಯಿ ಬಲೂನು’ ಅಂತ ಮೆಲ್ಲಗೆ ಹೇಳಿದ್ರು, ನಂಗೆ ನಗು ತಡಿಯೋಕಾಗ್ಲಿಲ್ಲ. ಸ್ಲೈಡುಗಳೆಲ್ಲ ಇಂಗ್ಲಿಷ್. ನಾರಾಯಣ ಮೂರ್ತಿಯವರು 1981ರಲ್ಲಿ ಸುಧಾ ಮೂರ್ತಿಯವರ ಹತ್ರ 10,000 ರೂಪಾಯಿ ಇಸ್ಕೊಂಡು ಇನ್ಫೋಸಿಸ್ ಶುರು ಮಾಡಿದ ಕಥೆ ಬಂತು, ಇದು ನಾನು ಕೇಳ್ತಿರೋದು ಎಷ್ಟನೇ ಸಲವೋ. ದೊಡ್ಡವರು, ನಮಗೆ ಹೆಮ್ಮೆ, ಆದ್ರೆ ಆ ಕಥೆ ಕೇಳಿದ್ರೆ ನನ್ನ ಗಾಣದ ಮೋಟರಿನ ಕರೆಂಟ್ ಬಿಲ್ ಕಮ್ಮಿ ಆಗಲ್ಲ ಅಲ್ವಾ. ಕೊನೇಲಿ ಒಂದು ಮಾತು ಹೇಳಿದ್ರು, ‘ಸೋಲು ಒಪ್ಕೊಳ್ಳೋನು ಉದ್ಯಮಿನೇ ಅಲ್ಲ’ ಅಂತ. ಎಲ್ಲರೂ ಚಪ್ಪಾಳೆ. ಆ ಮಾತಿನ ಬಗ್ಗೆ ಆಮೇಲೆ ಬರ್ತೀನಿ, ಯಾಕಂದ್ರೆ ಅದು ಬರೀ ಪೆದ್ದು ಮಾತಲ್ಲ, ಅಪಾಯದ ಮಾತು.

ತಿಂಡಿ ಮಾತ್ರ ತಟ್ಟೆ ಇಡ್ಲಿ, ಬಿಸಿಬಿಸಿ, ಮೇಲೆ ಬೆಣ್ಣೆ. ಕ್ಯಾತ್ಸಂದ್ರದೋನಿಗೆ ತಟ್ಟೆ ಇಡ್ಲಿ ಬಗ್ಗೆ ತಕರಾರು ತೆಗೆಯೋದು ಅಭ್ಯಾಸ, ಆದ್ರೂ ಇದಕ್ಕೆ ಫುಲ್ ಮಾರ್ಕ್ಸ್.

ಎರಡನೇ ಭಾನುವಾರದಿಂದ ಮೇಡಂ ತಾವೇ ತಗೊಂಡ್ರು, ಅಲ್ಲಿಂದ ಕ್ಲಾಸು ಬೇರೇನೇ ಆಯ್ತು. ಅಪ್ಪಟ ತುಮಕೂರು ಕನ್ನಡ, ಬೋರ್ಡು, ಚಾಕ್‌ಪೀಸು, ಅಷ್ಟೇ. ಅವರು ಹೇಳಿದ್ದು: ಅಂಗಡಿ ಇಡೋಕೆ ದುಡ್ಡಿನ ಬಂಡವಾಳ ಬೇಕು, ಜನರ ಪರಿಚಯ ಅನ್ನೋ ಬಂಡವಾಳ ಬೇಕು, ಅದರ ಜೊತೆಗೆ ಮನಸ್ಸಿನ ಬಂಡವಾಳ ಅಂತ ಇನ್ನೊಂದಿದೆ, ಅಮೆರಿಕಾದ ನೆಬ್ರಾಸ್ಕಾ ಯೂನಿವರ್ಸಿಟಿಲಿ ಫ್ರೆಡ್ ಲೂಥನ್ಸ್ ಅನ್ನೋರು ಅದನ್ನ ನಾಲ್ಕು ಭಾಗ ಮಾಡಿದ್ದಾರೆ, ಭರವಸೆ, ನನ್ನ ಕೈಲಿ ಆಗುತ್ತೆ ಅನ್ನೋ ನಂಬಿಕೆ, ಬಿದ್ದು ಏಳೋ ತಾಕತ್ತು, ಆಶಾವಾದ. ಇಂಗ್ಲಿಷಲ್ಲಿ ಮೊದಲಕ್ಷರ ಜೋಡಿಸಿದ್ರೆ ಹೀರೋ ಅಂತಾಗುತ್ತಂತೆ. ನಂಗೆ ಇಂಥ ಅಕ್ಷರ ಜೋಡಣೆ ಕಂಡ್ರೆ ಆಗಲ್ಲ, ಆದ್ರೆ ಇದರಲ್ಲಿ ಒಂದು ಮುಖ್ಯ ವಿಷಯ ಇತ್ತು: ಇವು ಹುಟ್ಟುಗುಣ ಅಲ್ಲ, ಬೆಳೆಸ್ಕೊಬಹುದು, ಕಮ್ಮಿನೂ ಆಗುತ್ತೆ. ಅಂದ್ರೆ ನಾಲ್ಕು ವರ್ಷದ ಹಿಂದೆ ನನ್ನ ಹತ್ರ ಇದ್ದಿದ್ದು ಈಗ ಖಾಲಿ ಆಗಿರಬಹುದು, ಬ್ಯಾಂಕಲ್ಲಿ ದುಡ್ಡು ಖಾಲಿ ಆದ ಹಾಗೇನೇ. ಇದನ್ನ ಕೇಳಿದಾಗ ನಿಜ ಹೇಳ್ತೀನಿ ಸ್ವಲ್ಪ ಹಗುರ ಆಯ್ತು. ಅಲ್ಲಿವರೆಗೂ ನಾನೇ ಕೈಲಾಗದೋನು ಅನ್ಕೊಂಡಿದ್ದೆ.

ಅವತ್ತಿನ ಭರವಸೆ ಪಾಠ ಇಡೀ ಕೋರ್ಸಲ್ಲೇ ಬೆಸ್ಟು. ನಾವು ಭರವಸೆ ಅಂದ್ರೆ ‘ಆಗುತ್ತೆ ಬಿಡು, ದೇವರಿದ್ದಾನೆ’ ಅಂತೀವಲ್ಲ, ಅದಲ್ಲ ಅಂದ್ರು. ಸ್ನೈಡರ್ ಅನ್ನೋ ಮನಃಶಾಸ್ತ್ರಜ್ಞರ ಪ್ರಕಾರ ಭರವಸೆಲಿ ಗುರಿ ಇರಬೇಕು, ಅಲ್ಲಿಗೆ ಹೋಗೋ ಛಲ ಇರಬೇಕು, ಹೋಗೋಕೆ ದಾರಿಗಳೂ ಕಾಣ್ತಿರಬೇಕು. ದಾರಿ ಅಲ್ಲ, ದಾರಿಗಳು. ಒಂದು ಮುಚ್ಚಿದ್ರೆ ಇನ್ನೊಂದು. ಛಲ ಇದ್ದು ದಾರಿ ಒಂದೇ ಇದ್ರೆ ಅವನು ಗೋಡೆಗೆ ತಲೆ ಚಚ್ಕೊತಾನೆ, ದಾರಿ ಹತ್ತಿದ್ದು ಛಲ ಇಲ್ದೇ ಇದ್ರೆ ಟೀ ಅಂಗಡಿಲಿ ಕೂತು ಬೇರೆಯವರಿಗೆ ಐಡಿಯಾ ಕೊಡ್ತಾನೆ. ಈ ಎರಡನೇ ಜಾತಿಯವರು ನಮ್ಮೂರಲ್ಲಿ ಎಷ್ಟಿದ್ದಾರೆ ಅಂತ ನಿಮಗೇ ಗೊತ್ತು. ಆಮೇಲೆ ಎಲ್ಲರಿಗೂ ಹಾಳೆ ಕೊಟ್ಟು, ಮುಂದಿನ ಆರು ತಿಂಗಳಿಗೆ ಒಂದು ಗುರಿ ಬರೀರಿ, ಅದಕ್ಕೆ ಏಳು ದಾರಿ ಬರೀರಿ ಅಂದ್ರು. ಟೈಲರಿಂಗ್ ಅಕ್ಕ ಸ್ಕೂಲ್ ಯೂನಿಫಾರ್ಮಿಂದ ಹಿಡಿದು ಹಳೇ ಸೀರೆ ಕುರ್ತಾ ಮಾಡಿಕೊಡೋ ತನಕ ಏಳೂ ಬರೆದ್ರು, ಎಂಟನೇದಕ್ಕೆ ಜಾಗ ಕೇಳಿದ್ರು. ನಾನು ಎರಡು ಬರೆದೆ. ಒಂದು, ಕೊಬ್ಬರಿ ಕಮ್ಮಿ ರೇಟಿಗೆ ಸಿಗೋ ತನಕ ಕಾಯೋದು. ಎರಡು, ಬೆಂಗಳೂರಿನೋನ ಹತ್ರ ಬಾಕಿ ವಸೂಲಿ. ಮೇಡಂ ನನ್ನ ಹಾಳೆ ನೋಡಿ ಏನೂ ಬೈಲಿಲ್ಲ, ‘ಎರಡೂ ಬೇರೆಯವರ ಕೈಲಿರೋದು’ ಅಂದ್ರು ಅಷ್ಟೇ.

ಆ ಮಾತು ಇಡೀ ವಾರ ಕೊರೀತು. ಮುಂದಿನ ಭಾನುವಾರದೊಳಗೆ ಹೆಂಡತಿನೂ ನಾನೂ ಕೂತು ಇನ್ನೈದು ಬರೆದ್ವಿ, ಅದರಲ್ಲಿ ಮೂರು ಬರೀ ಕಸ. ಒಂದು ಮಾತ್ರ ಹಿಡೀತು: ನಾವು ಕೊಬ್ಬರಿ ಕೊಳ್ಳೋದೇ ಬೇಡ, ಮನೇಲಿ ತೆಂಗಿರೋರು ಅವರ ಕೊಬ್ಬರಿ ತಂದು ಆಡಿಸ್ಕೊಂಡು ಹೋಗ್ಲಿ, ಕೆಜಿಗೆ ಇಷ್ಟು ಅಂತ ಕೂಲಿ ತಗೊಳ್ಳೋಣ. ಹಳೇ ಕಾಲದಲ್ಲಿ ಗಾಣದೋರು ಮಾಡ್ತಿದ್ದಿದ್ದೇ ಇದು, ಹೊಸದೇನಲ್ಲ, ನಮ್ಮಜ್ಜಿ ಹೇಳ್ತಿದ್ರು. ರೇಟು ಏರಿದ್ರೂ ಇಳಿದ್ರೂ ನನ್ನ ಕೂಲಿ ಕೂಲಿನೇ, ಬಂಡವಾಳ ಸಿಕ್ಕಾಕ್ಕೊಳ್ಳಲ್ಲ, ಹಿಂಡಿ ಬಿಟ್ಟು ಹೋಗೋರು ಬಿಟ್ಟು ಹೋದ್ರೆ ಅದನ್ನ ಹಸು ಸಾಕಿರೋರು ಬಂದು ಒಯ್ತಾರೆ. ಈ ತುಮಕೂರು ಜಿಲ್ಲೆಲಿ ಮನೇಲಿ ಹತ್ತು ತೆಂಗಿನ ಮರ ಇಲ್ದೋರು ಯಾರು ಸ್ವಾಮಿ? ಕಣ್ಣ ಮುಂದೇನೇ ಇತ್ತು, ಮೂರು ಗಂಟೆ ರಾತ್ರಿ ಕ್ಯಾಲ್ಕುಲೇಟರ್ ಒತ್ತೋ ತಲೆಗೆ ಕಾಣ್ಲಿಲ್ಲ.

ಮೂರನೇ ವಾರ ರಿಂಗ್ ಎಸೆಯೋ ಆಟ. ಜಾತ್ರೆಲಿ ಸೋಪಿನ ಮೇಲೆ ಎಸೀತೀವಲ್ಲ ಹಂಗೆ. ನೆಲದಲ್ಲಿ ಒಂದು ಗೂಟ, ಎಲ್ಲಿಂದ ಬೇಕಾದ್ರೂ ಎಸೀರಿ, ನಿಯಮ ಇಲ್ಲ. ಗುಬ್ಬಿ ಕಡೆಯ ಒಬ್ಬ ಹುಡುಗ, ಡ್ರೋನಲ್ಲಿ ಔಷಧಿ ಹೊಡೆಯೋ ಬಿಸಿನೆಸ್ ಶುರು ಮಾಡಿದ್ದಾನೆ, ಅವನು ಬಾಗಿಲ ತನಕ ಹಿಂದೆ ಹೋಗಿ ಎಸೆದ, ಐದಕ್ಕೆ ಐದೂ ಮಿಸ್ಸು, ‘ಲಕ್ ಇಲ್ಲ’ ಅಂದ. ನಾನು ಗೂಟದ ಪಕ್ಕಾನೇ ನಿಂತು ಐದಕ್ಕೈದು ಹಾಕ್ದೆ, ಎಲ್ಲರೂ ಚಪ್ಪಾಳೆ, ಮೇಡಂ ಮಾತ್ರ ತಟ್ಟಲಿಲ್ಲ. ಆಮೇಲೆ ಬಿಡಿಸಿ ಹೇಳಿದ್ರು. ಹಾರ್ವರ್ಡಿನ ಡೇವಿಡ್ ಮ್ಯಾಕ್ಲೆಲ್ಯಾಂಡ್ ಅನ್ನೋ ಪ್ರೊಫೆಸರು, ಸಾಧನೆ ಮಾಡ್ಬೇಕು ಅನ್ನೋ ಹಸಿವು ಇರೋರು ತುಂಬಾ ಹತ್ರನೂ ನಿಲ್ಲಲ್ಲ, ತುಂಬಾ ದೂರನೂ ನಿಲ್ಲಲ್ಲ, ಸ್ವಲ್ಪ ಕಷ್ಟ ಆದ್ರೆ ಕೌಶಲದಿಂದ ಆಗುತ್ತೆ ಅನ್ನೋ ದೂರ ಹುಡುಕ್ತಾರೆ ಅಂತ ಕಂಡ್ಕೊಂಡಿದ್ರಂತೆ. ದೂರ ನಿಂತೋನು ಸೋತ್ರೆ ಲಕ್ಕಿನ ಮೇಲೆ ಹಾಕಬಹುದು, ಹತ್ರ ನಿಂತೋನು ಸೋಲೋದೇ ಇಲ್ಲ, ಇಬ್ಬರೂ ಏನೂ ಕಲಿಯಲ್ಲ.

ನಂಗೆ ಗೊತ್ತಿಲ್ದೇ ಇದ್ದ ವಿಷಯ ಅಂದ್ರೆ ಇದರ ದೊಡ್ಡ ಪ್ರಯೋಗ ನಡೆದಿದ್ದು ನಮ್ಮ ಪಕ್ಕದ ಆಂಧ್ರದಲ್ಲೇ, 1964ರಲ್ಲಿ, ಕಾಕಿನಾಡದ ಸುಮಾರು 50 ಜನ ವ್ಯಾಪಾರಿಗಳನ್ನ ಹೈದರಾಬಾದಿಗೆ ಕರ್ಕೊಂಡ್ ಹೋಗಿ ಸಣ್ಣ ಉದ್ಯಮದ ತರಬೇತಿ ಸಂಸ್ಥೆಲಿ ಈ ಥರದ ಟ್ರೈನಿಂಗ್ ಕೊಟ್ರಂತೆ. ಆಮೇಲೆ ನೋಡಿದ್ರೆ ತರಬೇತಿ ತಗೊಂಡೋರು ತಗೊಳ್ದೇ ಇದ್ದೋರಿಗಿಂತ ಹೊಸ ಕೆಲಸಕ್ಕೆ ಕೈ ಹಾಕೋದು, ದುಡ್ಡು ಹೂಡೋದು, ಜನ ಇಟ್ಕೊಳ್ಳೋದು ಜಾಸ್ತಿ ಮಾಡಿದ್ರು. ನಮ್ಮ ದೇಶದಲ್ಲಿ ಉದ್ಯಮಿ ತರಬೇತಿ ಅನ್ನೋದಕ್ಕೆ ಬೇರು ಅಲ್ಲಿದೆ.

ಗುಬ್ಬಿ ಹುಡುಗನ್ನ ಮೇಡಂ ಕೇಳಿದ್ರು, ಸಾಲ ಎಷ್ಟಪ್ಪಾ ಅಂತ. ಅವನು ಹೇಳಿದ ಅಂಕಿ ಇಲ್ಲಿ ಬರೆಯಲ್ಲ, ರೂಮು ಸೈಲೆಂಟ್ ಆಯ್ತು. ನನ್ನನ್ನ ಏನೂ ಕೇಳಲಿಲ್ಲ, ಕೇಳೋ ಅಗತ್ಯನೂ ಇರ್ಲಿಲ್ಲ. ನಮ್ಮಪ್ಪ ಎಚ್‌ಎಂಟಿಲಿ ಇದ್ದೋರು. ತುಮಕೂರಿನ ವಾಚ್ ಫ್ಯಾಕ್ಟರಿ ಅಂದ್ರೆ ಆಗ ಏನು ಗತ್ತು, ಬೆಳಿಗ್ಗೆ ಸೈರನ್ನು, ತಿಂಗಳಾದ್ರೆ ಸಂಬಳ, ಹಬ್ಬಕ್ಕೆ ಬೋನಸ್ಸು, ಜೀವನ ಅಂದ್ರೆ ಅಷ್ಟೇ ಅನ್ಕೊಂಡಿದ್ರು. 2016ರಲ್ಲಿ ಕಂಪನಿನೇ ಮುಚ್ಚೋ ಹೊತ್ತಿಗೆ ಅಪ್ಪ ಅದಕ್ಕೂ ಮುಂಚೇನೇ ವಿಆರ್‌ಎಸ್ ತಗೊಂಡು ಮನೇಲಿ ಕೂತಿದ್ರು, ಕೈಲಿ ಎಚ್‌ಎಂಟಿ ವಾಚು ಮಾತ್ರ ಈಗಲೂ ಇದೆ, ದಿನಾ ಕೀ ಕೊಡ್ತಾರೆ. ಗೂಟದ ಪಕ್ಕ ನಿಂತು ಎಸೆಯೋದು ನಮ್ಮ ಮನೇಲಿ ರಕ್ತದಲ್ಲೇ ಇದೆ. ತಮಾಷೆ ಏನಂದ್ರೆ ಗೂಟಾನೇ ಕಿತ್ಕೊಂಡು ಹೋಯ್ತು.

ನಾಲ್ಕನೇ ವಾರದ ಥಿಯರಿ ಬಗ್ಗೆ ಜಾಸ್ತಿ ಬರೆಯಲ್ಲ. ಆಲ್ಬರ್ಟ್ ಬಂಡೂರ ಅನ್ನೋರು 1977ರಲ್ಲಿ ಹೇಳಿದ್ದು, ನನ್ನ ಕೈಲಿ ಆಗುತ್ತೆ ಅನ್ನೋ ನಂಬಿಕೆ ಎಲ್ಲಿಂದ ಬರುತ್ತೆ ಅಂದ್ರೆ ಮುಖ್ಯವಾಗಿ ಸಣ್ಣದಾಗಿ ಮಾಡಿ ಗೆದ್ದಿದ್ರಿಂದ, ಆಮೇಲೆ ನಮ್ಮಂಥೋರೇ ಮಾಡಿದ್ದನ್ನ ಕಣ್ಣಾರೆ ನೋಡೋದ್ರಿಂದ, ಬೇರೆಯವರು ಹುರಿದುಂಬಿಸೋದೂ, ಮೈ ಮನಸ್ಸು ಸರಿ ಇರೋದೂ ಕೆಲಸ ಮಾಡುತ್ತೆ, ಆದ್ರೆ ಮೊದಲನೇದರಷ್ಟು ಬಲ ಅದಕ್ಕಿಲ್ಲ. ಅಂದ್ರೆ ಬಲೂನ್ ಸ್ಪೀಕರ್ ಮಾಡಿದ್ದು ಬಲ ಕಮ್ಮಿ ಇರೋ ಕೆಲಸ ಅಂತ ಅವರ ಸಿಲಬಸ್ಸೇ ಹೇಳ್ತಿತ್ತು! ಥಿಯರಿಗಿಂತ ಅವತ್ತಿನ ವಿಸಿಟ್ ಚೆನ್ನಾಗಿತ್ತು. ತಿಪಟೂರು ಹತ್ರ ತೆಂಗಿನಕಾಯಿ ಚಿಪ್ಸು, ಪುಡಿ ಮಾಡೋ ಒಬ್ಬ ಹೆಂಗಸಿನ ಶೆಡ್ಡಿಗೆ ಕರ್ಕೊಂಡ್ ಹೋದ್ರು. ಆಕೆ ಏಳನೇ ಕ್ಲಾಸು. ಮೂರು ಸಲ ಶಟರ್ ಎಳೆದಿದ್ದೀನಿ ಅಂತ ಆರಾಮಾಗಿ ಹೇಳಿದ್ರು, ಮೊದಲ ಸಲ ಪ್ಯಾಕಿಂಗ್ ಸರಿ ಇಲ್ದೇ ಮೆತ್ತಗಾಗಿ ವಾಪಸ್ ಬಂತು, ಎರಡನೇ ಸಲ ಪಾರ್ಟ್ನರ್ ಬಿಟ್ಟ, ಮೂರನೇ ಸಲ ಕೊರೋನಾ. ‘ಮುಚ್ಚಿದ ದಿನ ಅತ್ಬಿಟ್ಟೆ, ಮಾರನೇ ದಿನ ಮೆಷಿನ್ನಿಗೆ ಎಣ್ಣೆ ಬಿಟ್ಟು ಬಟ್ಟೆ ಹೊದಿಸಿದೆ, ತುಕ್ಕು ಹಿಡೀಬಾರ್ದಲ್ಲ.’ ಬಿದ್ದು ಏಳೋ ತಾಕತ್ತಿನ ಬಗ್ಗೆ ಮೂರು ಗಂಟೆ ಪಾಠ ಮಾಡಿದ್ರೂ ಈ ಬಟ್ಟೆ ಹೊದಿಸಿದ ಮಾತಿನಷ್ಟು ಹೇಳೋಕಾಗಲ್ಲ. ಊಟ ಆಕೆ ಮನೇಲೇ, ಮುದ್ದೆ, ಹುರುಳಿಕಾಳಿನ ಸಾರು. ಆ ಒಂದು ದಿನಕ್ಕೇ 3,000 ಕೊಡಬಹುದು.

ಐದನೇ ವಾರ ಭಾರತ ಮೂಲದ ಸರಸ್ ಸರಸ್ವತಿ ಅನ್ನೋ ಪ್ರೊಫೆಸರ್ ವಿಚಾರ ಬಂತು. ಅಮೆರಿಕಾದಲ್ಲಿ 27 ಜನ ಪಳಗಿದ ಉದ್ಯಮಿಗಳನ್ನ ಕೂರಿಸಿ ಅವರು ತೀರ್ಮಾನ ಹೆಂಗೆ ತಗೊಳ್ತಾರೆ ಅಂತ ನೋಡಿದೋರು. ಪಳಗಿದೋರು ‘ಎಷ್ಟು ಲಾಭ ಬರುತ್ತೆ’ ಅನ್ನೋದರಿಂದ ಶುರು ಮಾಡಲ್ವಂತೆ, ‘ಎಷ್ಟು ಹೋದ್ರೆ ತಡ್ಕೊತೀನಿ’ ಅಂತ ಮೊದಲು ಗೆರೆ ಹಾಕ್ತಾರಂತೆ, ಕೈಲಿ ಏನಿದೆಯೋ ಅದರಿಂದ ಶುರು ಮಾಡ್ತಾರಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ನಮಗೇನು ಹೊಸದಲ್ಲ, ಆದ್ರೆ ನಾವು ಹಾಸಿಗೆ ಅಳತೆ ತೆಗೆದಿರಲ್ಲ, ಅದೇ ತೊಂದರೆ. ಹೋಂವರ್ಕ್ ಏನಂದ್ರೆ, ಮನೆಯವರ ಜೊತೆ ಕೂತು, ಒಡವೆ ಮುಟ್ಟದೆ, ಜಮೀನು ಮುಟ್ಟದೆ, ಮಕ್ಕಳ ಫೀಸು ಮುಟ್ಟದೆ ಎಷ್ಟು ಕಳ್ಕೊಬಹುದು ಅಂತ ಒಂದು ಅಂಕಿ ಬರೆದು ಇಬ್ಬರೂ ಸೈನ್ ಹಾಕ್ಬೇಕು. ನಾವು ಬರೆದಿದ್ದು 1,80,000. ಆಗ್ಲೇ ಸಿಕ್ಕಾಕ್ಕೊಂಡಿದ್ದು 3,40,000. ಹೆಂಡತಿಗೆ ಪೂರ್ತಿ ಅಂಕಿ ಗೊತ್ತಾಗಿದ್ದು ಅವತ್ತೇ. ಎರಡು ದಿನ ಮಾತಿಲ್ಲ. ಮೂರನೇ ದಿನ ಅವಳೇ ಬಂದು, ಇದಕ್ಕೇನಾ ರಾತ್ರಿ ಎಲ್ಲ ಎದ್ದು ಕೂತ್ಕೊತಿದ್ದಿದ್ದು, ಮುಂಚೇನೇ ಹೇಳಿದ್ರೆ ಇಬ್ಬರೂ ಎದ್ದು ಕೂರಬಹುದಿತ್ತು ಅಂದ್ಲು. ನಿದ್ದೆ ಮಾಡೋಕೆ ಶುರು ಮಾಡಿದ್ದು ಆಮೇಲೆ.

ಮನಸ್ಸಿನ ಪಾಠಕ್ಕೆ ದುಡ್ಡು ಕೊಡೋದು ದಂಡ ಅನ್ನೋರಿಗೆ ಮೇಡಂ ಒಂದು ಅಧ್ಯಯನ ತೋರಿಸಿದ್ರು, 2017ರಲ್ಲಿ ಬಂದಿದ್ದು, ಆಫ್ರಿಕಾದ ಟೋಗೋ ದೇಶದ್ದು. 1,500 ಸಣ್ಣ ವ್ಯಾಪಾರಿಗಳನ್ನ ಮೂರು ಗುಂಪು ಮಾಡಿ ಒಬ್ಬರಿಗೆ ಲೆಕ್ಕಪತ್ರ ಮಾರ್ಕೆಟಿಂಗ್ ಪಾಠ, ಒಬ್ಬರಿಗೆ ತಾನಾಗೇ ಮುಂದೆ ಬಿದ್ದು ಕೆಲಸ ಮಾಡೋ ಮನೋಭಾವದ ಪಾಠ, ಒಬ್ಬರಿಗೆ ಏನೂ ಇಲ್ಲ. ಎರಡು ವರ್ಷ ನೋಡಿದ ಮೇಲೆ ಮನೋಭಾವದ ಗುಂಪಿಗೆ ಲಾಭ 30% ಜಾಸ್ತಿ, ಲೆಕ್ಕದ ಗುಂಪಿಗೆ 11%, ಅದೂ ಖಚಿತ ಅಂತ ಹೇಳೋಕಾಗದಷ್ಟು. ಚೆನ್ನಾಗಿದೆ, ಆದ್ರೆ ಇದನ್ನ ಹಿಡ್ಕೊಂಡು ಕೋರ್ಸಲ್ಲಿ ಲೆಕ್ಕ, ಜಿಎಸ್‌ಟಿ, ಉದ್ರಿ ಪುಸ್ತಕ ಯಾವುದನ್ನೂ ಮುಟ್ಟಲೇ ಇಲ್ಲ ಅನ್ನೋದು ನನ್ನ ತಕರಾರು. ಬೆಂಗಳೂರಿನೋನು ನಂಗೆ ಟೋಪಿ ಹಾಕಿದ್ದು ನಂಗೆ ಭರವಸೆ ಕಮ್ಮಿ ಇದ್ದಿದ್ದಕ್ಕಲ್ಲ, ಸಹಿ ಇಲ್ದೇ ಮಾಲು ಕಳಿಸಿದ್ದಕ್ಕೆ.

ಈಗ ಆರನೇ ವಾರ, ಬೈಗುಳದ ವಾರ. ಮೇಡಂ ಬರ್ಲಿಲ್ಲ, ಹುಷಾರಿಲ್ಲ ಅಂತ. ಮತ್ತೆ ಅದೇ ಬಲೂನ್ ಸಾರು. ಆಶಾವಾದ ಅಂತ ಟಾಪಿಕ್ಕು, ಕಣ್ಣು ಮುಚ್ಚಿ ಮೂರು ವರ್ಷದ ನಂತರದ ನಿಮ್ಮ ಕಾರು ನೋಡಿ ಅಂದ್ರು, ನಾನು ಗಾಡಿ ಇನ್ಶೂರೆನ್ಸ್ ನೆನಪಾಗಿ ಕಣ್ಣು ಬಿಟ್ಟೆ. ಸೆಲಿಗ್ಮನ್ ಅನ್ನೋ ಮನಃಶಾಸ್ತ್ರಜ್ಞರು ಹೇಳೋ ಆಶಾವಾದ ಕಾರಿನದಲ್ಲ ಕಣ್ರೀ, ಮೇಡಂ ಐದನೇ ವಾರ ಟೀ ಕುಡೀತಾ ಎರಡೇ ನಿಮಿಷದಲ್ಲಿ ಹೇಳಿದ್ರು, ಕೆಟ್ಟದ್ದು ಆದಾಗ ನಮಗೆ ನಾವೇ ಏನು ಕಾರಣ ಹೇಳ್ಕೊತೀವಿ ಅನ್ನೋದು ಅದು. ‘ನಾನು ದಂಡ, ಯಾವಾಗಲೂ ಹಿಂಗೇ, ಏನು ಮುಟ್ಟಿದ್ರೂ ಹಿಂಗೇ’ ಅನ್ನೋದು ಒಂದು ಥರ, ‘ಈ ತಿಂಗಳು ಈ ಅಂಗಡಿಲಿ ಹಿಂಗಾಯ್ತು’ ಅನ್ನೋದು ಇನ್ನೊಂದು ಥರ. ಅದನ್ನ ಬಿಟ್ಟು ಕಾರು, ಬಂಗಲೆ. ಕೊನೇ ಒಂದು ಗಂಟೆ 28,000 ರೂಪಾಯಿಯ ಅಡ್ವಾನ್ಸ್ ಕೋರ್ಸ್ ಮಾರೋಕೆ, ಇವತ್ತೇ ಕಟ್ಟಿದ್ರೆ 19,000 ಅಂತ. ಗುಬ್ಬಿ ಹುಡುಗ ಫೋನ್ ತೆಗೆದು ಸ್ಕ್ಯಾನ್ ಮಾಡೋಕೆ ಹೋದ, ಟೈಲರಿಂಗ್ ಅಕ್ಕ ಅವನ ಕೈ ಮೇಲೆ ಒಂದು ಏಟು ಹಾಕಿದ್ರು.

ಆಮೇಲೆ ಆ ಮಾತು, ಸೋಲು ಒಪ್ಕೊಳ್ಳೋನು ಉದ್ಯಮಿ ಅಲ್ಲ ಅನ್ನೋದು, ಅವತ್ತೂ ಹೇಳಿದ್ರು. ಇಪ್ಪತ್ತೆರಡು ಜನರಲ್ಲಿ ಎಷ್ಟು ಜನ ನಿದ್ದೆ ಬಿಟ್ಟಿದ್ರು, ಎಷ್ಟು ಜನ ಮನೇಲಿ ಸುಳ್ಳು ಹೇಳ್ತಿದ್ರು, ಟೀ ಟೈಮಲ್ಲಿ ಕೇಳಿದ್ರೆ ಗೊತ್ತಾಗ್ತಿತ್ತು. ಅವರ ಮುಂದೆ ನಿಂತು ಹಿಂಗೆ ಹೇಳಿದ್ರೆ ಅವರು ಇನ್ನೂ ಬಾಯಿ ಮುಚ್ಕೊತಾರೆ. ಮನಸ್ಸು ಪೂರ್ತಿ ಕುಸಿದೋರಿಗೆ ಕ್ಲಾಸು ಸಾಲಲ್ಲ, ಡಾಕ್ಟರ್ ಬೇಕು ಅಂತ ಆರು ವಾರದಲ್ಲಿ ಒಂದೇ ಒಂದು ಸಲ ಯಾರೂ ಹೇಳ್ಲಿಲ್ಲ, ಇದು ದೊಡ್ಡ ತಪ್ಪು. ಹಂಗಾಗಿ ನಾನೇ ಹಾಕ್ತೀನಿ: 14416, ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿಂದ ಇದೆ, ಸರ್ಕಾರದ್ದು, ಫ್ರೀ, ನಿಮ್ಹಾನ್ಸ್ ಅವರ ಉಸ್ತುವಾರಿ, ಕನ್ನಡದಲ್ಲೇ ಮಾತಾಡಬಹುದು. ಕೋರ್ಸಿಗೆ ಸೇರೋ ಮುಂಚೆ ಒಂದು ರಾತ್ರಿ ನಾನು ಮಾಡಿದ್ದೆ. ಆ ಕಡೆ ಇದ್ದ ಹುಡುಗಿ ನನ್ನ ಕೊಬ್ಬರಿ ರೇಟಿನ ಕಥೆನೆಲ್ಲ ಇಪ್ಪತ್ತು ನಿಮಿಷ ತಾಳ್ಮೆಯಿಂದ ಕೇಳಿದ್ಲು ಪಾಪ.

ದುಡ್ಡಿಗೆ ತಕ್ಕ ಕ್ಲಾಸಾ ಅಂತ ಕೇಳಿದ್ರೆ, ಈಗಷ್ಟೇ ಶುರು ಮಾಡೋರು, ಕೆಲಸ ಕಲೀಬೇಕಾದೋರು ಇಲ್ಲಿಗೆ ಬರಬೇಡಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು ಬ್ಯಾಂಕುಗಳ ಜೊತೆ ಸೇರಿ ಶುರು ಮಾಡಿದ ರುಡ್‌ಸೆಟ್ ಅನ್ನೋ ಸ್ವಉದ್ಯೋಗ ತರಬೇತಿ ಸಂಸ್ಥೆಯ ಮಾದರಿಯ ಕೇಂದ್ರಗಳು ಈಗ ಎಲ್ಲಾ ಕಡೆ ಇವೆ, ಊಟ ವಸತಿ ತರಬೇತಿ ಎಲ್ಲ ಫ್ರೀ, ಅಲ್ಲಿಗೆ ಹೋಗಿ. ಎರಡು ಮೂರು ವರ್ಷ ನಡೆಸಿ ಮಧ್ಯದಲ್ಲಿ ಸಿಕ್ಕಾಕ್ಕೊಂಡಿರೋರಿಗೆ ಇದು ಉಪಯೋಗ ಆಗುತ್ತೆ, ಮೇಡಂ ಇರೋ ವಾರಗಳು ಮಾತ್ರ. ಸೇರೋ ಮುಂಚೆ ಎಷ್ಟು ವಾರ ಅವರೇ ತಗೊಳ್ತಾರೆ ಅಂತ ಬಾಯಿಬಿಟ್ಟು ಕೇಳಿ. ಹೆಂಡತಿನೋ ಗಂಡನೋ ಜೊತೆಗೆ ಬಂದ್ರೆ ಇನ್ನೂ ಒಳ್ಳೇದು, ಆದ್ರೆ ಇಬ್ಬರಿಗೂ ಪೂರ್ತಿ ಫೀಸ್ ಕೇಳ್ತಾರೆ, ಇದು ಅನ್ಯಾಯ. ಪಾರ್ಕಿಂಗ್ ಇಲ್ಲ. ಶೌಚಾಲಯ ಒಂದೇ. ವಾಟ್ಸಾಪ್ ಗ್ರೂಪಲ್ಲಿ ಈಗ ಗುಡ್ ಮಾರ್ನಿಂಗ್ ಹೂವು, ಇನ್ಶೂರೆನ್ಸ್ ಜಾಹೀರಾತು ಬಿಟ್ರೆ ಏನಿಲ್ಲ, ಆದ್ರೆ ನಾನು, ಅಕ್ಕ, ಗುಬ್ಬಿ ಹುಡುಗ ಮಂಗಳವಾರ ಸಂಜೆ ಟೌನ್ ಹಾಲ್ ಸರ್ಕಲ್ ಹತ್ರ ಟೀಗೆ ಸೇರ್ತೀವಿ, ಆ ವಾರ ಯಾರಿಗೆ ಎಷ್ಟು ಲಾಸ್ ಅಂತ ಸುಳ್ಳಿಲ್ದೇ ಹೇಳ್ಬೇಕು, ಅದೊಂದೇ ರೂಲು. ಹುಡುಗ ಎರಡನೇ ಡ್ರೋನ್ ಆರ್ಡರ್ ಕ್ಯಾನ್ಸಲ್ ಮಾಡಿದ್ದಾನೆ.

ಐದಕ್ಕೆ ಮೂರೂವರೆ ಸ್ಟಾರ್. ಅರ್ಧ ಸ್ಟಾರು ಇಡ್ಲಿಗೆ.

ಬೆಂಗಳೂರಿನ ಬಾಕಿ ಇನ್ನೂ ಬಂದಿಲ್ಲ. ಮುಂದಿನ ಬ್ಯಾಚಿಗೆ ಹೆಂಡತಿ ಹೋಗ್ತಾಳಂತೆ, ಹಂಗಾಗಿ ಭಾನುವಾರ ಗಾಣದ ಹತ್ರ ನಾನೊಬ್ಬನೇ ಇರ್ತೀನಿ, ಕೊಬ್ಬರಿ ಆಡಿಸೋರು ಬೆಳಿಗ್ಗೆ ಹತ್ತರೊಳಗೆ ಬಂದ್ರೆ ಸಂಜೆಗೆ ಎಣ್ಣೆ ರೆಡಿ, ಚೆನ್ನಾಗಿ ಒಣಗಿಸ್ಕೊಂಡು ಬನ್ನಿ, ಹಸಿ ಇದ್ರೆ ಗಾಣಕ್ಕೆ ಹಾಕಲ್ಲ.